ಪಾಠ ತಿಳಿಯುತ್ತದೆ, ಲೆಕ್ಕ ಬರುವುದಿಲ್ಲ

ಪ್ರಶ್ನೆ

ನಾನು ಕೊಪ್ಪಳ ಜಿಲ್ಲೆಯ ಹೋಬಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ನೌಕರಿಗೆ ಸೇರಿ ನಾಲ್ಕನೇ ವರ್ಷ ನಡೆಯುತ್ತಿದೆ. ಚಿಕ್ಕಂದಿನಿಂದಲೂ ಗಣಿತವೆಂದರೆ ನನಗೆ ಪ್ರಾಣ. ಅದು ಬುದ್ಧಿವಂತರಿಗೆ ಮಾತ್ರ ಎಂದು ಯಾರಾದರೂ ಅಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ನನ್ನ ಶಾಲೆಯ ಒಂದು ಮಗುವೂ ಹಾಗಂದುಕೊಳ್ಳಬಾರದು ಎಂದು ಹಟ ತೊಟ್ಟು ಕೆಲಸಕ್ಕೆ ಬಂದವಳು ನಾನು.

ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಕೂತು ಥರ್ಮೋಕೋಲ್, ರಟ್ಟು ಕತ್ತರಿಸಿ ಮಾದರಿ ಮಾಡುತ್ತೇನೆ. ಸೂತ್ರಗಳಿಗೆ ಹಾಡು ಕಟ್ಟಿದ್ದೇನೆ. ಖರ್ಚೆಲ್ಲ ನನ್ನ ಸಂಬಳದ್ದೇ. ನನ್ನ ಪಿರಿಯಡ್ ಎಂದರೆ ಮಕ್ಕಳಿಗೆ ಇಷ್ಟ. ಆದರೆ ಪರೀಕ್ಷೆ ಬಂದಾಗ ಎಲ್ಲ ತಲೆಕೆಳಗು. ಹತ್ತನೇ ತರಗತಿಯ ಅರ್ಧದಷ್ಟು ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ, ಅವರಿಗೆ ನಾನು ವರ್ಗ ಸಮೀಕರಣ ಹೇಳಿಕೊಡಬೇಕು. ಹೋದ ವರ್ಷ ಫಲಿತಾಂಶ ಕುಸಿದು ಮೇಲಿನಿಂದ ನೋಟಿಸ್ ಬಂತು. "ಆಟ ಸಾಕು, ಜೂನ್‌ನಿಂದಲೇ ಪಾಸಿಂಗ್ ಪ್ಯಾಕೇಜ್ ಶುರು ಮಾಡ್ರಿ" ಎಂದರು ಹೆಡ್‌ಮಾಸ್ಟರು. ಸ್ಟಾಫ್ ರೂಮಿನಲ್ಲಿ ನನಗೆ "ಆಟದ ಟೀಚರ್" ಎಂದೇ ಹೆಸರು ಬಿದ್ದಿದೆ.

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ವಾರದ ಸಂತೆಯಲ್ಲಿ ಅವ್ವನ ಜೊತೆ ಕೂತು ಕಾಯಿಪಲ್ಯ ಮಾರುವ ಹುಡುಗಿ. "ಟೀಚರ್, ನೀವು ಹೇಳೂ ಮುಂದ ಎಲ್ಲಾ ತಿಳಿತೈತ್ರಿ. ಮನಿಗೆ ಹೋಗಿ ಕುಂತ್ರ ಒಂದೂ ಬರಂಗಿಲ್ರಿ" ಎಂದಳು. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ನನ್ನ ಹುಮ್ಮಸ್ಸೇ ಮಕ್ಕಳಿಗೆ ಮೋಸ ಮಾಡುತ್ತಿದೆಯೇ? ಎಲ್ಲರಿಗೂ ಗಣಿತ ಎಂಬುದು ಬರೀ ನನ್ನ ಹುಚ್ಚೇ? ವರ್ಗಾವಣೆ ಕೇಳಲೇ, ನೌಕರಿಯನ್ನೇ ಬಿಡಲೇ? ದಯವಿಟ್ಟು ದಾರಿ ತೋರಿಸಿ.

— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ

ಆ ಹುಡುಗಿ ಹೇಳಿದ್ದನ್ನು ದೂರು ಎಂದು ತಿಳಿಯಬೇಡಿ. ಯಾವ ಅಧಿಕಾರಿಯೂ ಕೊಡಲಾಗದಷ್ಟು ಖಚಿತವಾದ ವರದಿಯನ್ನು ಅವಳು ಎರಡು ವಾಕ್ಯದಲ್ಲಿ ನಿಮ್ಮ ಕೈಗಿಟ್ಟಿದ್ದಾಳೆ. ಗಣಿತದ ಟೀಚರ್ ಎದುರು ನಿಂತು "ನನಗೆ ಬರುವುದಿಲ್ಲ" ಎನ್ನುವ ಧೈರ್ಯ ನಮ್ಮ ಎಷ್ಟು ಶಾಲೆಗಳ ಎಷ್ಟು ಮಕ್ಕಳಿಗಿದೆ? ಅವಳಿಗೆ ಆ ಧೈರ್ಯ ಬಂದದ್ದು ನಿಮ್ಮಿಂದ. ನಾಲ್ಕು ವರ್ಷದ ನಿಮ್ಮ ದುಡಿಮೆಯ ಮೊದಲ ಫಲ ಅದು, ಸಣ್ಣದೇನೂ ಅಲ್ಲ.

ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಮಾದರಿ ಮಾಡುವವರು ನೀವು, ಹಾಡು ಕಟ್ಟುವವರು ನೀವು, ಹೇಳುವವರು ನೀವು, ರಾತ್ರಿ ಎಚ್ಚರ ಇರುವವರೂ ನೀವೇ. ನಿಮ್ಮ ಪಿರಿಯಡ್‌ನಲ್ಲಿ ಮಕ್ಕಳು ಏನು ಮಾಡುತ್ತಾರೆ ಎಂಬುದು ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅವರಿಗೆ ಇಷ್ಟವಾಗುತ್ತದೆ ಎಂದಷ್ಟೇ ಇದೆ. ನೀವು ಹಲಗೆಯ ಮುಂದೆ ನಿಂತು ಒಂದು ಲೆಕ್ಕವನ್ನು ಅಚ್ಚುಕಟ್ಟಾಗಿ ಬಿಡಿಸುವಾಗ ಒಂದೊಂದು ಹೆಜ್ಜೆಯ ನಂತರ ಮುಂದೇನು ಎಂದು ನಿರ್ಧರಿಸುವುದು ನಿಮ್ಮ ಮನಸ್ಸು. ಮಕ್ಕಳು ಆ ನಿರ್ಧಾರವನ್ನು ಒಪ್ಪುತ್ತಾ ಹಿಂದೆ ಬರುತ್ತಾರೆ. ಒಪ್ಪುವುದು ಸುಲಭ, ಅದಕ್ಕೇ ತಿಳಿದಂತೆ ಅನಿಸುತ್ತದೆ. ಮನೆಯಲ್ಲಿ ಖಾಲಿ ಹಾಳೆಯ ಮುಂದೆ ಕೂತಾಗ ಆ ನಿರ್ಧಾರ ಅವರೇ ಮಾಡಬೇಕು. ಆ ಅಭ್ಯಾಸ ಅವರಿಗೆ ಆಗಿಯೇ ಇಲ್ಲ. ನಿಮ್ಮ ಹುಮ್ಮಸ್ಸು ಯಾರಿಗೂ ಮೋಸ ಮಾಡಿಲ್ಲ, ಆದರೆ ಅದೆಲ್ಲ ಹೇಳುವುದಕ್ಕೇ ಖರ್ಚಾಗಿದೆ. ಅದರಲ್ಲಿ ಅರ್ಧವನ್ನು ಕೇಳಿಸಿಕೊಳ್ಳುವುದಕ್ಕೆ ತಿರುಗಿಸಿ ಎಂಬುದೇ ನನ್ನ ಸಲಹೆ. ಮುಂದೆ ನಾನು ಬರೆಯುವುದೆಲ್ಲ ಇದರ ವಿವರ.

ಅವಳಿಂದಲೇ ಶುರು ಮಾಡಿ. ಸಂತೆಯಲ್ಲಿ ತಕ್ಕಡಿ ಹಿಡಿದು ಕೂತಾಗ ಲೆಕ್ಕ ತಪ್ಪಿದರೆ ಅವ್ವ ಬೈಯುತ್ತಾಳೆ, ಗಿರಾಕಿ ಜಗಳಕ್ಕೆ ಬರುತ್ತಾನೆ. ಅಲ್ಲಿ ಆಕೆ ತಪ್ಪುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಇಂಥ ಮಕ್ಕಳನ್ನು ಲೋಕದ ಬೇರೆ ಬೇರೆ ಕಡೆ ಕೂತು ನೋಡಿದವರಿದ್ದಾರೆ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಐವರು ಮಕ್ಕಳ ಲೆಕ್ಕವನ್ನು ಮೂವರು ಸಂಶೋಧಕರು ಗಮನಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಮಕ್ಕಳ ಉತ್ತರ ಶೇ 98ರಷ್ಟು ಸರಿ. ಅವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಶೇ 37ರಷ್ಟು. ತೆಂಗಿನಕಾಯಿ ಮಾರುವ ಹುಡುಗನಿಗೆ ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು, ಒಂದಕ್ಕೆ 35. ಅವನು ಸೊನ್ನೆ ಸೇರಿಸಲಿಲ್ಲ. ಮೂರು ಕಾಯಿಗೆ 105 ಎಂದು ಅವನಿಗೆ ಗೊತ್ತಿತ್ತು. ಅದನ್ನು ಮೂರು ಸಲ ಕೂಡಿ 315 ಮಾಡಿ, ಉಳಿದ ಒಂದರ 35 ಸೇರಿಸಿ 350 ಎಂದ. ಶಾಲೆಯ ವಿಧಾನಕ್ಕಿಂತ ಉದ್ದ, ಆದರೆ ಪ್ರತಿ ಹೆಜ್ಜೆಯೂ ಅವನದೇ.

ಇದು ಹಳೆಯ, ದೂರದ ಮಾತು ಎನ್ನಬೇಡಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ನಡುವೆ ನಡೆಸಿದ ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಲ್ಲೂ ಇದೇ ಕಂಡಿತು: ಎರಡು ಮೂರು ಸರಕಿನ ಬೆಲೆಯನ್ನು ಬಾಯಲ್ಲೇ ಕೂಡಿ ಚಿಲ್ಲರೆ ಕೊಡುವ ಮಕ್ಕಳು, ಅದಕ್ಕಿಂತ ಸರಳವಾದ ಶಾಲೆಯ ಲೆಕ್ಕದ ಮುಂದೆ ನಿಂತುಬಿಟ್ಟರು. ಆದರೆ ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಅದರ ಇನ್ನೊಂದು ಭಾಗ. ಮಾರುಕಟ್ಟೆಯಲ್ಲಿ ದುಡಿಯದ, ಶಾಲೆಯ ಲೆಕ್ಕದಲ್ಲಿ ಮುಂದಿರುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತೀರಾ ಹಿಂದೆ ಬಿದ್ದರು. ಒಂದು ಕಡೆಯ ತಿಳಿವಳಿಕೆ ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ ಎಂದಾಯಿತು. ಪಠ್ಯದ ಲೆಕ್ಕಕ್ಕೆ ಟೊಮೆಟೊ, ಬದನೆಕಾಯಿಯ ಹೆಸರು ಅಂಟಿಸಿದ ಮಾತ್ರಕ್ಕೆ ಕೆಲಸವಾಗದು. ದಾಟಿಸುವುದಕ್ಕೆ ಒಬ್ಬರು ಬೇಕು, ಮತ್ತು ಅದು ಗಣಿತ ಚೆನ್ನಾಗಿ ಬಲ್ಲವರೇ ಆಗಬೇಕು. ನೀವು ಬೇಕಾಗಿರುವುದು ಇಲ್ಲಿ.

ಹೇಗೆ ಎನ್ನುತ್ತೀರಾ? ಆ ಹುಡುಗಿಯನ್ನು ಕೇಳಿ: "ಟೊಮೆಟೊ ಕೆಜಿಗೆ ಅರವತ್ತು. ಮುಕ್ಕಾಲು ಕೆಜಿಗೆ ಎಷ್ಟು?" ಉತ್ತರ ಬಂದ ಮೇಲೆ ಭಲೆ ಎಂದು ಮುಗಿಸಬೇಡಿ. "ಹೆಂಗ ಮಾಡಿದಿ?" ಎಂದು ಕೇಳಿ ಸುಮ್ಮನಿರಿ. "ಅರ್ಧಾ ಕಿಲೋಕ್ಕ ಮೂವತ್ತು, ಪಾವ್ ಕಿಲೋಕ್ಕ ಹದಿನೈದು, ಕೂಡಿದ್ರ ನಲವತ್ತೈದ್ರಿ" ಅನ್ನುತ್ತಾಳೆ. ಅದನ್ನು ಅವಳ ಮಾತಿನಲ್ಲೇ ಹಲಗೆಯ ಮೇಲೆ ಬರೆಯಿರಿ. ಅದರ ಕೆಳಗೆ ಅಂಕಿಗಳಲ್ಲಿ: 60ರ ಅರ್ಧ, ಕೂಡಿಸು 60ರ ಕಾಲು. ಅದರ ಕೆಳಗೆ: 60 × ½ + 60 × ¼ = 60 × (½ + ¼). ಮೂರು ಸಾಲೂ ಒಂದೇ ಎಂದು ಇಡೀ ತರಗತಿ ನೋಡಲಿ. ಪುಸ್ತಕದಲ್ಲಿ ವಿಭಾಜಕ ನಿಯಮ ಎಂದು ಕರೆಯುವುದನ್ನು ಆ ಹುಡುಗಿ ವಾರವಾರವೂ ಸಂತೆಯಲ್ಲಿ ಬಳಸುತ್ತಿದ್ದಾಳೆ. ಅವಳಿಗೆ ಬರದೇ ಇದ್ದದ್ದು ಅದನ್ನು ಬರೆಯುವ ರೀತಿ ಮಾತ್ರ. ಆಮೇಲೆ 60ರ ಜಾಗದಲ್ಲಿ 80 ಇಡಿ, 52 ಇಡಿ, ಕೊನೆಗೆ "ಇವತ್ತಿನ ರೇಟು ಗೊತ್ತಿಲ್ಲ" ಎಂದು ಒಂದು ಅಕ್ಷರ ಇಡಿ. ಬೀಜಗಣಿತಕ್ಕೆ ಕಾಲಿಟ್ಟಿದ್ದೇವೆ ಎಂದು ಘೋಷಿಸುವ ಅಗತ್ಯವಿಲ್ಲ, ಆಗಲೇ ಕಾಲಿಟ್ಟಾಗಿರುತ್ತದೆ.

ಇನ್ನೊಂದು ಉದಾಹರಣೆ ಹೇಳಲೇಬೇಕು, ಯಾಕೆಂದರೆ ಐದನೇ ತರಗತಿಯ ಗುಣಾಕಾರದಿಂದ ಹತ್ತನೆಯ ವರ್ಗ ಸಮೀಕರಣದವರೆಗೆ ನಿಮ್ಮ ಮಕ್ಕಳನ್ನು ಒಂದೇ ಚಿತ್ರದಲ್ಲಿ ಕರೆದೊಯ್ಯುವ ಶಕ್ತಿ ಅದಕ್ಕಿದೆ. ನಿಮ್ಮ ಊರಿನ ಪ್ರತಿ ಮಗುವಿಗೂ ಗುಂಟೆ ಗೊತ್ತು. ನಲವತ್ತು ಗುಂಟೆಗೆ ಎಕರೆ ಎಂಬುದೂ ಗೊತ್ತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಟೇಪು, ಹಗ್ಗ, ಸುಣ್ಣದ ಪುಡಿ ತೆಗೆದುಕೊಂಡು ಶಾಲೆಯ ಬಯಲಿನಲ್ಲಿ ಮಕ್ಕಳೇ ಒಂದು ಗುಂಟೆ ಗುರುತು ಮಾಡಲಿ. ಮೂಲೆ ನೇರ ಬಂದಿದೆಯೇ ಎಂದು ಹೇಗೆ ನೋಡುವುದು? ಆ ಗುಂಪಿನಲ್ಲಿ ಗಾರೆ ಕೆಲಸದವರ ಮಗ ಒಬ್ಬನಾದರೂ ಇರುತ್ತಾನೆ. ಮೂರು, ನಾಲ್ಕು, ಐದು ಅಡಿಯ ದಾರ ಹಿಡಿದು ಮೂಲೆ ನೋಡುವುದನ್ನು ಅಪ್ಪನ ಜೊತೆ ಕಂಡಿರುತ್ತಾನೆ. ಪೈಥಾಗೊರಸ್ ಪ್ರಮೇಯ ಬರುವಾಗ ಅವನನ್ನೇ ಮುಂದೆ ಕರೆಯಿರಿ. ಅದು ಬೇರೆ ದಿನದ ಪಾಠ, ಇವತ್ತಿಗೆ ಚೌಕ ಸಾಕು.

ಈಗ ಪ್ರತಿ ಬದಿಯಲ್ಲಿ 30 ಅಡಿಗೆ ಒಂದು ಗುರುತು ಹಾಕಿಸಿ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆಸಿ. ಗುಂಟೆ ನಾಲ್ಕು ತುಂಡಾಗುತ್ತದೆ. ದೊಡ್ಡ ಚೌಕ 30 × 30, ಅಂದರೆ 900 ಚದರ ಅಡಿ. ಪಕ್ಕದಲ್ಲಿ 30 × 3ರ ಉದ್ದನೆಯ ಪಟ್ಟಿ, 90. ಕೆಳಗೆ ಅಂಥದ್ದೇ ಇನ್ನೊಂದು, 90. ಮೂಲೆಯಲ್ಲಿ 3 × 3ರ ಪುಟ್ಟ ಚೌಕ, 9. ಒಟ್ಟು 1,089. ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಪದೇಪದೇ ಕಾಣುವ ತಪ್ಪು ಯಾವುದು ಹೇಳಿ? (a + b)² ಎಂದರೆ a² + b² ಎಂದು ಬರೆಯುವುದು. ಹಾಗೆ ಬರೆದ ಮಗುವನ್ನು ಈ ಗುಂಟೆಯೊಳಗೆ ನಿಲ್ಲಿಸಿ: "ನಿನ್ನ ಲೆಕ್ಕದ ಪ್ರಕಾರ 900 ಮತ್ತು 9, ಒಟ್ಟು 909 ಆಯಿತು. ಉಳಿದ 180 ಚದರ ಅಡಿ ಜಮೀನು ಯಾರು ಒತ್ತುವರಿ ಮಾಡಿದರು?" ಆ ಮಗು ಎರಡು ಪಟ್ಟಿಗಳನ್ನು ಕೈಮಾಡಿ ತೋರಿಸುತ್ತದೆ. 2ab ಎಲ್ಲಿಂದ ಬಂತು ಎಂದು ಇನ್ನು ಬಾಯಿಪಾಠ ಮಾಡಬೇಕಿಲ್ಲ.

ತರಗತಿಗೆ ಮರಳಿದ ಮೇಲೆ ಅದೇ ಚಿತ್ರವನ್ನು ಕಾಗದದ ಮೇಲೆ 12 × 13ಕ್ಕೆ ಬರೆಸಿ. ನೂರು, ಮೂವತ್ತು, ಇಪ್ಪತ್ತು, ಆರು: 156. ಆಮೇಲೆ ಹತ್ತರ ಜಾಗದಲ್ಲಿ x ಇಟ್ಟರೆ (x + 2)(x + 3), ಅಂದರೆ x² + 5x + 6. ಹತ್ತನೇ ತರಗತಿಯಲ್ಲಿ ಅಪವರ್ತಿಸುವಾಗ ಮಧ್ಯದ ಪದವನ್ನು ಒಡೆಯುತ್ತೀರಲ್ಲ, ಆ 5xನ್ನು 2x ಮತ್ತು 3x ಎಂದು ಒಡೆಯುವುದು ಅಂದರೆ ಎರಡು ಪಟ್ಟಿಗಳನ್ನು ಬೇರೆ ಮಾಡುವುದು, ಅಷ್ಟೇ. x ಜಾಗದಲ್ಲಿ ಹತ್ತು ಇಟ್ಟು ನೋಡಲು ಹೇಳಿ: 100 + 50 + 6, ಮತ್ತೆ 156. ಉತ್ತರ ಸರಿಯೇ ಎಂದು ಪರೀಕ್ಷಿಸುವ ಸಾಧನ ಮಗುವಿನ ಕೈಯಲ್ಲೇ ಉಳಿಯಿತು. ಮನೆಯಲ್ಲಿ ಕೂತಾಗ ನಿಮ್ಮ ಬದಲು ಆ ಸಾಧನ ಇರುತ್ತದೆ. ಇಷ್ಟಕ್ಕೆಲ್ಲ ಖರ್ಚು ಎಷ್ಟು? ಸುಣ್ಣದ ಪುಡಿ. ಥರ್ಮೋಕೋಲ್ ಮಾದರಿ ರಾತ್ರಿಯೆಲ್ಲ ನಿಮ್ಮ ಕೈಗೆ ಕೆಲಸ ಕೊಟ್ಟಿತು. ಬಯಲಿನ ಗುಂಟೆ ಮಕ್ಕಳ ಕೈಗೆ ಕೆಲಸ ಕೊಡುತ್ತದೆ.

ಹಾಡುಗಳ ವಿಷಯ ನೇರವಾಗಿ ಹೇಳಿಬಿಡುತ್ತೇನೆ, ನೊಂದುಕೊಳ್ಳಬೇಡಿ. ಮಗ್ಗಿಗೆ ರಾಗವಿದ್ದರೆ ಒಳ್ಳೆಯದೇ, ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ರಾಗವಾಗಿಯೇ ಹೇಳುತ್ತಿದ್ದರು. ಆದರೆ ವರ್ಗ ಸಮೀಕರಣದ ಸೂತ್ರಕ್ಕೆ ಹಾಡು ಕಟ್ಟಿದರೆ ಮಗುವಿಗೆ ಉಳಿಯುವುದು ಹಾಡು. ಯಾವಾಗ ಬಳಸಬೇಕು, ಯಾಕೆ ಬಳಸಬೇಕು ಎಂಬುದು ಅದರೊಳಗೆ ಇರುವುದಿಲ್ಲ. ಆ ಶ್ರಮವನ್ನು ಬೇರೆ ಕಡೆ ಹಾಕಿ.

ಯಾವ ಕಡೆ? ತಪ್ಪುಗಳ ಕಡೆ. ಮಕ್ಕಳ ತಪ್ಪಿನ ಹಿಂದೆ ಬಹುಪಾಲು ಒಂದು ತರ್ಕ ಇದ್ದೇ ಇರುತ್ತದೆ. 0.45, 0.8ಕ್ಕಿಂತ ದೊಡ್ಡದು ಎನ್ನುವ ಮಗು 45 ಮತ್ತು 8ನ್ನು ಹೋಲಿಸಿದೆ; ಪೂರ್ಣ ಸಂಖ್ಯೆಯ ನಿಯಮವನ್ನು ದಶಮಾಂಶಕ್ಕೆ ಎಳೆದು ತಂದಿದೆ. ಅರ್ಧಕ್ಕೆ ಮೂರನೇ ಒಂದು ಕೂಡಿದರೆ ಐದನೇ ಎರಡು ಎನ್ನುವ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಅದಕ್ಕೆ ಸಮಚ್ಛೇದದ ವಿಧಾನ ಮತ್ತೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ: "ಅರ್ಧ ರೊಟ್ಟಿ ತಿಂದ ಮೇಲೆ ಇನ್ನೂ ಸ್ವಲ್ಪ ತಿಂದೆ. ಒಟ್ಟು ತಿಂದದ್ದು ಅರ್ಧಕ್ಕಿಂತ ಕಡಿಮೆ ಆಗಲು ಸಾಧ್ಯವೇ?" ಐದನೇ ಎರಡು ಅರ್ಧಕ್ಕಿಂತ ಕಡಿಮೆ ಎಂದು ಅದಕ್ಕೆ ಹೊಳೆಯುವವರೆಗೆ ಕಾಯಿರಿ. ಹಾಂ, ಕಾಯುವುದು ಬಹಳ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾದು, ತಾವೇ ಮುಂದಿನ ಮಾತಿಗೆ ಹೋಗುತ್ತಿದ್ದರು. ಆ ಒಂದನ್ನು ಮೂರು ಸೆಕೆಂಡು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಅದುವರೆಗೆ ಸುಮ್ಮನಿದ್ದವರೂ ಬಾಯಿ ಬಿಟ್ಟರು. "ತಿಳೀತಾ?" ಎಂದು ಕೇಳಿ "ಹ್ಞೂಂ ಟೀಚರ್" ಎಂಬ ಒಕ್ಕೊರಲಿನ ಉತ್ತರ ತೆಗೆದುಕೊಳ್ಳುವುದನ್ನು ಈ ವಾರವೇ ನಿಲ್ಲಿಸಿ. ಅದರ ಬದಲು ಪಕ್ಕಪಕ್ಕದ ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ನೀವು ಬೆಂಚುಗಳ ನಡುವೆ ನಡೆಯುತ್ತಾ ಕಿವಿಗೊಡಿ.

ಇನ್ನು ಭಾಗಾಕಾರ ಬರದ ಅರ್ಧ ತರಗತಿಯ ಮಾತು. ನಿಮ್ಮ ಶಾಲೆ ಇದರಲ್ಲಿ ಒಂಟಿಯಲ್ಲ. ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ವರದಿ 2023ರಲ್ಲಿ ದೇಶದ ಹಳ್ಳಿಗಳ 14ರಿಂದ 18 ವರ್ಷದವರನ್ನು ನೋಡಿತು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43ರಷ್ಟು ಮಾತ್ರ. ನಿಮ್ಮ ಈಗಿನ ಒಂಬತ್ತು, ಹತ್ತರ ಮಕ್ಕಳು ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಮೂರು, ನಾಲ್ಕು, ಐದನೇ ತರಗತಿಗಳಲ್ಲಿದ್ದವರು. ಭಾಗಾಕಾರವೂ ಭಿನ್ನರಾಶಿಯೂ ಬೇರೂರಬೇಕಾದ ವರ್ಷಗಳವು. 2022ರಲ್ಲಿ ರಾಜ್ಯ ತಂದ 'ಕಲಿಕಾ ಚೇತರಿಕೆ' ಕಾರ್ಯಕ್ರಮ ಆ ಕೊರತೆಯನ್ನು ಒಂದಿಷ್ಟು ತುಂಬಿತು, ಎಲ್ಲವನ್ನೂ ತುಂಬಲಾಗಲಿಲ್ಲ. ಅದಕ್ಕೂ ಹಿಂದೆಯೇ, ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ಆರ್. ರಾಮಾನುಜಂ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ಗಣಿತ ಬೋಧನೆಯ ಪ್ರಬಂಧ ನಮ್ಮ ರೋಗಗಳಲ್ಲಿ ಮೊದಲನೆಯದಾಗಿ ಹೆಸರಿಸಿದ್ದು ಮಕ್ಕಳಲ್ಲಿನ ಭಯ ಮತ್ತು ಸೋಲಿನ ಭಾವವನ್ನು. ಒರಟಾದ ಪರೀಕ್ಷಾ ಕ್ರಮ, ಶಿಕ್ಷಕರಿಗೆ ಸಾಲದ ತಯಾರಿ ಕೂಡ ಆ ಪಟ್ಟಿಯಲ್ಲಿವೆ. ಇಷ್ಟೆಲ್ಲದರ ಹೊರೆಯನ್ನು ನೀವೊಬ್ಬರೇ ನಿಮ್ಮ ನಾಲ್ಕು ವರ್ಷದ ಮೇಲೆ ಹೇರಿಕೊಂಡು ನಿದ್ದೆಗೆಡುವುದು ನ್ಯಾಯವಲ್ಲ.

ಆದರೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಹಿಂದಿನ ತರಗತಿಯ ಕಲಿಕೆ ನೆನಪಿಸುವ, ವರ್ಷದ ಆರಂಭದ ಸೇತುಬಂಧ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಐದು ವರ್ಷದ ಬಿರುಕು ಅಷ್ಟರಲ್ಲಿ ಮುಚ್ಚದು. ವರ್ಷವಿಡೀ, ದಿನಾ, ಪಿರಿಯಡ್‌ನ ಮೊದಲ ಹತ್ತು ನಿಮಿಷವನ್ನು ಬುನಾದಿಗೆ ಕೊಡಿ. ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಸ್ಥಾನಬೆಲೆ, ಗುಣಾಕಾರ ಮತ್ತು ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆಗಳು ಗಟ್ಟಿಯಾದರೆ ಹತ್ತನೆಯ ಪಠ್ಯದ ಬಹುಭಾಗದ ಬಾಗಿಲು ತೆರೆಯುತ್ತದೆ. ಹದಿನೈದು ವರ್ಷದ ಹುಡುಗನಿಗೆ ಮೂರನೇ ತರಗತಿಯ ಕಳೆಯುವ ಲೆಕ್ಕ ಕೊಟ್ಟರೆ ಅವಮಾನವಾಗುತ್ತದೆ ಎಂಬ ಭಯ ನಿಮಗಿರಬಹುದು. ಅದಕ್ಕೆ ಕಾಪ್ರೇಕರ್ ಅವರನ್ನು ಕರೆತನ್ನಿ. ನಾಸಿಕ್ ಬಳಿಯ ದೇವಳಾಲಿಯಲ್ಲಿ ದಶಕಗಳ ಕಾಲ ಶಾಲಾ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್ 6174 ಎಂಬ ಸಂಖ್ಯೆಯ ಗುಣವೊಂದನ್ನು ಕಂಡುಹಿಡಿದರು. ನಾಲ್ಕಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. 3524 ಆದರೆ 5432ರಿಂದ 2345 ಕಳೆದರೆ 3087. ಮತ್ತೆ 8730ರಿಂದ 0378 ಕಳೆದರೆ 8352. ಮತ್ತೆ 8532ರಿಂದ 2358 ಕಳೆದರೆ 6174. ಹೆಚ್ಚೆಂದರೆ ಏಳು ಸಲದಲ್ಲಿ ಎಲ್ಲರೂ 6174ಕ್ಕೇ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಗಾಡಿಯ ನಂಬರಿನಿಂದ ಶುರು ಮಾಡಲಿ. ದಶಕ ಎರವಲು ಪಡೆದು ಕಳೆಯುವುದರಲ್ಲಿ ಪ್ರತಿ ಸಲವೂ ತಪ್ಪುವವರು ಅಲ್ಲಿಗೆ ತಲುಪದೆ ಹೋಗಬಹುದು, ಆಗ ತಾವೇ ಹಿಂದೆ ಹೋಗಿ ತಪ್ಪು ಹುಡುಕುತ್ತಾರೆ. ಯಾರೂ ಕೆಂಪು ಶಾಯಿಯ ಗೆರೆ ಹಾಕಬೇಕಿಲ್ಲ. ಮತ್ತು ಗಣಿತದಲ್ಲಿ ಹೊಸದನ್ನು ಕಂಡವರೊಬ್ಬರು ತಮ್ಮ ಟೀಚರ್‌ನಂತೆಯೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು ಎಂದು ಮಕ್ಕಳಿಗೆ ತಿಳಿಯಲಿ.

ನಿಮ್ಮ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಅಕ್ಷರ ಫೌಂಡೇಶನ್ ಶಿಕ್ಷಣ ಇಲಾಖೆಯ ಜೊತೆ ನಡೆಸಿದ 'ಗಣಿತ ಕಲಿಕಾ ಆಂದೋಲನ'ದ ಕಿಟ್ ಅಲ್ಲಿನ ಬೀರುವಿನಲ್ಲಿ ಇರಬಹುದು. ನಾಲ್ಕು, ಐದನೇ ತರಗತಿಗೆ ಬಂದ ಸಾಮಗ್ರಿ ಒಂಬತ್ತರವರಿಗೆ ಬೇಡವೆಂದೇನೂ ಇಲ್ಲ. ಕೇಳಿ ತನ್ನಿ. ಅಲ್ಲಿನ ಗಣಿತದ ಮೇಷ್ಟ್ರ ಜೊತೆ ಚಹಾ ಕುಡಿಯುತ್ತಾ ಯಾವ ಮಗು ಎಲ್ಲಿ ಎಡವಿತ್ತು ಎಂದು ಕೇಳಿ. ಅವರಿಗೆ ಈ ಮಕ್ಕಳು ನಿಮಗಿಂತ ಮೊದಲಿನಿಂದ ಗೊತ್ತು. ಸ್ಟಾಫ್ ರೂಮಿನಲ್ಲಿ ಸಿಗದ ಜೊತೆ ಅಲ್ಲಿ ಸಿಕ್ಕೀತು. ಗಣಿತದ ಶಿಕ್ಷಕಿಗೆ ಒಬ್ಬರಾದರೂ ಮಾತಿಗೆ ಬೇಕು.

ಹೆಡ್‌ಮಾಸ್ಟರ ವಿಷಯದಲ್ಲಿ ನಾನು ನಿಮ್ಮ ಪರ ಪೂರ್ತಿ ನಿಲ್ಲುವುದಿಲ್ಲ. ಪಾಸಾಗುವುದು ಸಣ್ಣ ಮಾತಲ್ಲ. ನಿಮ್ಮ ಭಾಗದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ನಪಾಸಾದ ಹುಡುಗಿಗೆ ಪಿಯುಸಿ ತಪ್ಪುತ್ತದೆ, ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ನಿಜ, ಆದರೆ ಮೊದಲ ಸಲ ನಪಾಸಾದ ಮಗಳನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಮನೆಗಳು ಎಷ್ಟು? ಪಾಸಿನ ಗೆರೆ ದಾಟಿಸುವುದನ್ನು ಕೀಳು ಕೆಲಸ ಎಂದುಕೊಳ್ಳಬೇಡಿ. ಪಾಸಿಂಗ್ ಪ್ಯಾಕೇಜಿನ ತೊಂದರೆ ಅದು ಜೂನ್‌ನಲ್ಲಿ ಶುರುವಾದಾಗ ಮಾತ್ರ. ಆಗ ಮಗು ಇಡೀ ವರ್ಷ ಆಯ್ದ ಪ್ರಶ್ನೆಗಳ ಉತ್ತರವನ್ನೇ ನಕಲು ಮಾಡುತ್ತದೆ, ಸಂಖ್ಯೆ ಬದಲಾದರೆ ಕೈಬಿಡುತ್ತದೆ. ಜನವರಿಯ ನಂತರ ಅದನ್ನು ಬೇಕಾದಷ್ಟು ಮಾಡಿ. ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಯಾವ ಘಟಕದಿಂದ ಏನು ಬರುತ್ತದೆ ಎಂದು ಮಕ್ಕಳಿಗೂ ಬಿಡಿಸಿ ಹೇಳಿ, ಹಳೆಯ ಪ್ರಶ್ನೆಪತ್ರಿಕೆ ಬರೆಸಿ. ಆಂತರಿಕ ಮೌಲ್ಯಮಾಪನದ 20 ಅಂಕಗಳಿಗೆ ಗುಂಟೆ ಅಳೆದ ಚಟುವಟಿಕೆಯನ್ನೇ ದಾಖಲೆ ಮಾಡಿ. ಹೆಡ್‌ಮಾಸ್ಟರ ಬಳಿ ಸಂತಸದಾಯಕ ಕಲಿಕೆ ಎಂದೆಲ್ಲ ವಾದಿಸಬೇಡಿ. ನೋಟಿಸ್‌ಗೆ ಉತ್ತರ ಬರೆಯಬೇಕಾದವರು ಅವರು, ಅವರಿಗೂ ಭಯವಿದೆ. ಎಂಟು ಮಕ್ಕಳ ಈಗಿನ ನೋಟ್‌ಬುಕ್ ತೋರಿಸಿ, "ಸರ್, ದಿನಾ ಮೊದಲ ಹತ್ತು ನಿಮಿಷ ನನಗೆ ಬಿಡಿ. ದಸರಾ ರಜೆಯ ಹೊತ್ತಿಗೆ ಇದೇ ಎಂಟು ನೋಟ್‌ಬುಕ್ ತರ್ತೀನಿ, ನೀವೇ ನೋಡಿ ಹೇಳ್ರಿ" ಎನ್ನಿ. ಹೆಚ್ಚಿನವರು ಒಪ್ಪುತ್ತಾರೆ.

"ಆಟದ ಟೀಚರ್" ಎಂದವರ ಮಾತಿಗೆ ಉತ್ತರ ಕೊಡಬೇಡಿ. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಮಾತ್ರ ಒಂದು ವಿಷಯ ಹೇಳುತ್ತೇನೆ. ಒಂಬತ್ತನೇ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರು ಗ್ರಂಥದ ಮೊದಲಲ್ಲೇ ಗಣಿತ ಎಲ್ಲೆಲ್ಲಿ ಬೇಕು ಎಂದು ಎಣಿಸುತ್ತಾರೆ. ಸಂಗೀತಕ್ಕೆ, ನಾಟಕಕ್ಕೆ, ವೈದ್ಯಕ್ಕೆ, ವಾಸ್ತುವಿಗೆ, ಅಡುಗೆಗೆ ಕೂಡ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಗಣಿತವನ್ನು ಈ ನೆಲದ ಜನರ ಬದುಕಿನ ನಡುವೆ ಇಡುವ ಕೆಲಸ ನೀವು ಹೊಸದಾಗಿ ಶುರು ಮಾಡಿದ್ದಲ್ಲ.

ಈಗ ನಿಮ್ಮ ಬಗ್ಗೆ. ರಾತ್ರಿ ಹತ್ತಕ್ಕೆ ಶಾಲೆಯ ಕೆಲಸ ಮುಚ್ಚಿಡಿ. ಸಂಬಳದಿಂದ ಸಾಮಗ್ರಿ ಕೊಳ್ಳುವುದಕ್ಕೆ ಒಂದು ಮಿತಿ ಹಾಕಿ, ಅದನ್ನು ದಾಟಬೇಡಿ. ಹಾಗೆ ಮಾಡಿದರೆ ಮಕ್ಕಳಿಗೆ ಕಡಿಮೆಯಾಗುತ್ತದೆ ಎಂಬ ತಪ್ಪು ಭಾವನೆ ಬೇಡ. ದಣಿದ ಶಿಕ್ಷಕಿಗೆ ಮಗುವಿನ ಉತ್ತರಕ್ಕೆ ಕಾಯುವ ತಾಳ್ಮೆ ಇರುವುದಿಲ್ಲ, ಬೇಗ ಹೇಳಿ ಮುಗಿಸುವ ಆಸೆಯಾಗುತ್ತದೆ. ನಿದ್ದೆಯಿಲ್ಲದಿರುವುದು, ಊಟ ಸೇರದಿರುವುದು, ಶಾಲೆಗೆ ಹೊರಡುವಾಗ ಎದೆ ಬಡಿದುಕೊಳ್ಳುವುದು ಎರಡು ವಾರಕ್ಕೂ ಮಿಕ್ಕಿ ನಡೆದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ವರ್ಗಾವಣೆ ಕೇಳುವುದು ತಪ್ಪಲ್ಲ. ತಂದೆ ತಾಯಿಗೆ ಹತ್ತಿರ ಇರಬೇಕು, ಮನೆಯ ಕಾರಣ ಇದೆ ಎಂದರೆ ಖಂಡಿತ ಕೇಳಿ. ಈ ಪತ್ರದಲ್ಲಿರುವ ಕಾರಣಕ್ಕೆ ಮಾತ್ರ ಕೇಳಬೇಡಿ, ಯಾಕೆಂದರೆ ಹೋದ ಕಡೆಯೂ ಭಾಗಾಕಾರ ಬರದ ಅರ್ಧ ತರಗತಿ ಕಾಯುತ್ತಿರುತ್ತದೆ. ನೌಕರಿ ಬಿಡುವ ಯೋಚನೆಯನ್ನು ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಪಕ್ಕಕ್ಕಿಡಿ. ನಿದ್ದೆಗೆಟ್ಟ ದಿನಗಳಲ್ಲಿ ಇಂಥ ದೊಡ್ಡ ತೀರ್ಮಾನ ಬೇಡ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ವಾರ "ಹೆಂಗ ಮಾಡಿದಿ?" ಎಂಬ ಪ್ರಶ್ನೆ ಮತ್ತು ಕಾಯುವುದು, ಇವೆರಡೇ ಸಾಕು. ಎರಡನೇ ವಾರದಿಂದ ಹತ್ತು ನಿಮಿಷದ ಬುನಾದಿ. ಮಳೆ ಬಿಡುವು ಕೊಟ್ಟಾಗ ಗುಂಟೆ. ಎಂಟು ಮಕ್ಕಳ ನೋಟ್‌ಬುಕ್ಕಿನ ಒಂದೊಂದು ಪುಟವನ್ನು ದಿನಾಂಕದ ಸಮೇತ ಈಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಮತ್ತೆ ತೆಗೆಯಿರಿ. ಅಂಕಪಟ್ಟಿಯಲ್ಲಿ ಕಾಣುವ ಮೊದಲೇ ಬದಲಾವಣೆ ಆ ಪುಟಗಳಲ್ಲಿ ಕಾಣುತ್ತದೆ: ಮೊದಲು ಖಾಲಿ ಬಿಟ್ಟ ಕಡೆ ಹೊಡೆದು ತಿದ್ದಿದ ಸಾಲುಗಳು ಬರುತ್ತವೆ, ಸರಿಯುತ್ತರ ಅದರ ನಂತರ. ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬರೆಯಿರಿ, ಮಕ್ಕಳ ಹೆಸರು ಮುಚ್ಚಿ ಎರಡು ಪುಟಗಳ ಪ್ರತಿಯನ್ನೂ ಕಳಿಸಿ. ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಇಬ್ಬರೂ ಕೂತು ನೋಡೋಣ.